ಪೋಕೆಮಾನ್ ಪ್ರಾಣಿಗಳ ತಾರತಮ್ಯ ವಿಚಾರ

ಕಾಗೆಗೆ ಹಲ್ಲೆಷ್ಟು ಎಂದು ಎಣಿಸಹೊರಡುವವನನ್ನು ಕಂಡು ಶಾಸ್ತ್ರಜ್ಞರು ನಗುವರು. ಜಪಾನಿನ ಪೋಕೆಮಾನ್ ಎಂಬ ವಿಡಿಯೋ ಆಟದ ಕಲ್ಪಿತ ಪ್ರಾಣಿಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಚರ್ಚಿಸುವುದೂ ಅಂತಹದೇ ಒಂದು ಕಾಕದಂತಪರೀಕ್ಷೆಯೆಂದು ಹಿರಿಯರನೇಕರ ಮತ. ಊಟದ ಎಲೆಯ ಮುಂದೆ ಕುಳಿತು ಅಣ್ಣತಮ್ಮಂದಿರು ಈ ವಿಷಯವಾಗಿ ವಾದಕ್ಕೆ ತೊಡಗಿದರೆ, “ಸಾಕು, ಎದ್ದು ಪಾಠ ನೋಡಿಕೊಳ್ಳಿ” ಎಂಬ ತೀರ್ಪು ಒಳಗಿನಿಂದ ಬರುವುದು. ಆದರೆ ಕಾಗೆಗೆ ಹಲ್ಲೇ ಇಲ್ಲ. ಈ ಪ್ರಾಣಿಗಳಿಗಾದರೋ ರೂಪವುಂಟು, ಅಂಕವುಂಟು, ಎರಡನ್ನೂ ಆಲೋಚಿಸಿ ಜೋಡಿಸಿದ ಕರ್ತೃಗಳೂ ಉಂಟು. ಕರ್ತೃವೂ ಕೃತಿಯೂ ಇರುವಲ್ಲಿ ವಿಮರ್ಶೆಗೆ ಎಡೆಯಿಲ್ಲವೆಂಬುದು ಯಾವ ನ್ಯಾಯ? ಕಾಳಗದ ಪ್ರಾಣಿಗಳ ವಿಚಾರವು ನಮ್ಮ ನಾಡಿನ ಪಂಡಿತರಿಗೆ ಅಸ್ಪೃಶ್ಯವಾಗಿದ್ದಿತೆಂದೂ ಹೇಳುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಕೋಳಿ, ಲಾವುಗೆ, ಟಗರು ಇವುಗಳ ಕಾಳಗಗಳನ್ನು ರಾಜವಿನೋದಗಳ ಸಾಲಿನಲ್ಲಿಟ್ಟು ವಿವರಿಸಿರುವುದು. ಅಲ್ಲಿ ರಕ್ತವು ಹರಿಯುತ್ತಿದ್ದಿತು. ಇಲ್ಲಿ ಕುಗ್ಗುವುದು ಅಂಕಗಳು ಮಾತ್ರ. ಹಿರಿಯರ ಆಕ್ಷೇಪಕ್ಕೆ ಇಷ್ಟು ಸಮಾಧಾನ ಸಾಕು. ನಿಜವಾದ ವ್ಯಾಜ್ಯವಿರುವುದು ಆಟವನ್ನು ಬಲ್ಲವರೆನಿಸಿಕೊಂಡವರೊಡನೆಯೇ.

ಆಟವನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು ಹೇಳಬೇಕಾಗಿದೆ. 1996ನೆಯ ಇಸವಿ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕಾಗಿ ‘ಕೆಂಪು’, ‘ಹಸಿರು’ ಎಂಬ ಎರಡು ಆವೃತ್ತಿಗಳಲ್ಲಿ ಈ ಆಟವು ಹೊರಟಿತು. ಇದನ್ನು ರಚಿಸಿದವರು ಗೇಮ್ ಫ್ರೀಕ್ ಎಂಬ ಮಂಡಲಿಯವರು. ಆ ಮಂಡಲಿಯ ಮುಖ್ಯರಾದ ಸತೋಷಿ ತಾಜಿರಿಯವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುವ ಹವ್ಯಾಸವಿದ್ದಿತು. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿದಾಗ ಆ ತಂತಿಯ ಮೇಲೆ ಹುಳುವೊಂದು ಹರಿದುಹೋಗುವಂತೆ ಅವರಿಗೆ ತೋರಿದುದರಿಂದಲೇ ಹಿಡಿಯುವುದು, ಸಾಕುವುದು, ವಿನಿಮಯ ಮಾಡಿಕೊಳ್ಳುವುದು ಎಂಬ ಈ ಆಟದ ಮೂಲಕಲ್ಪನೆಯು ಹುಟ್ಟಿತು. ಮೊದಲು 151 ಇದ್ದ ಪ್ರಾಣಿಗಳು 2024ರ ಆದಿಭಾಗಕ್ಕೆ 1025 ಆದುವು.

ಪ್ರತಿಯೊಂದು ಪ್ರಾಣಿಗೂ ಆರು ಮೂಲಾಂಕಗಳಿರುವುವು: ಎಚ್.ಪಿ. ಎಂಬ ಪ್ರಾಣಬಲ, ಅಟ್ಯಾಕ್ ಎಂಬ ಪ್ರಹಾರ, ಡಿಫೆನ್ಸ್ ಎಂಬ ರಕ್ಷಣೆ, ದೇಹಬಲವನ್ನವಲಂಬಿಸದ ಬೆಂಕಿ ಮಿಂಚು ಮೊದಲಾದುವಕ್ಕಾಗಿ ವಿಶೇಷಪ್ರಹಾರ, ಅವುಗಳನ್ನು ತಡೆಯುವುದಕ್ಕಾಗಿ ವಿಶೇಷರಕ್ಷಣೆ, ಕಡೆಯದಾಗಿ ವೇಗ. ಮೊದಲ ಆಟದಲ್ಲಿ ಎರಡು ವಿಶೇಷಗಳೂ ಒಂದೇ ಆಗಿದ್ದು 1999ರಲ್ಲಿ ಬೇರೆಬೇರೆಯಾದುವು. ಇವಲ್ಲದೆ ನೀರು, ಬೆಂಕಿ, ಕಲ್ಲು, ಭೂತ ಎಂದು ಮುಂತಾಗಿ ವರ್ಗಗಳುಂಟು. 1996ರಲ್ಲಿ 15 ಇದ್ದುವು, 2013ರಿಂದ 18. ನೀರಿಗೆ ಮಿಂಚಿನ ಭಯ, ಬೆಂಕಿಗೆ ನೀರಿನ ಭಯ. 2002ರಿಂದೀಚೆಗೆ ಒಂದೊಂದು ಪ್ರಾಣಿಗೂ ಒಂದು ಸ್ವಭಾವಧರ್ಮವನ್ನೂ ಕೊಟ್ಟಿರುವರು. ಇಷ್ಟು ಸಾಮಗ್ರಿಯನ್ನು ತಿಳಿದರೆ ವಾದಕ್ಕೆ ಕುಳಿತುಕೊಳ್ಳಬಹುದು.

ಮೊದಲನೆಯ ಪಕ್ಷದವರನ್ನು ಮೊತ್ತವಾದಿಗಳೆಂದು ಕರೆಯೋಣ. ಆರು ಅಂಕಗಳನ್ನೂ ಕೂಡಿಸಿ, ಬಂದ ಮೊತ್ತವೇ ಪ್ರಾಣಿಯ ಯೋಗ್ಯತೆಯೆಂದು ಇವರ ಸಿದ್ಧಾಂತ. ಮಕ್ಕಳಲ್ಲಿ ಈ ಪಕ್ಷವೇ ಪ್ರಬಲ. 2016ನೆಯ ಇಸವಿಯ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ‘ಪೋಕೆಮಾನ್ ಗೋ’ ಎಂಬ ಮೊಬೈಲು ಫೋನಿನ ಆಟವಂತೂ ಸಿ.ಪಿ. ಎಂಬ ಒಂದೇ ಅಂಕವನ್ನು ಪ್ರಾಣಿಯ ತಲೆಯ ಮೇಲೆಯೇ ಬರೆದು ತೋರಿಸಿ ಈ ಚಾಳಿಗೆ ಇಂಬುಕೊಟ್ಟಿತು. ಇದರಲ್ಲಿ ಆಶ್ಚರ್ಯವೇನು? ಪರೀಕ್ಷೆಯ ಫಲಿತಾಂಶ ಬಂದೊಡನೆ ಹುಡುಗನು ಏನನ್ನು ಕಲಿತನೆಂದು ಕೇಳದೆ “ಒಟ್ಟು ಎಷ್ಟು?” ಎಂದೇ ಕೇಳುವ ಮನೆಗಳಲ್ಲಿ ಬೆಳೆದ ಮಗುವು ಪ್ರಾಣಿಯನ್ನೂ ಹಾಗೆಯೇ ಕೇಳುವುದು. ಆಟವು ಮನೆಗೆ ಬಂದುದರಿಂದ ಮಗು ಕೆಟ್ಟಿತೆನ್ನುವ ತಂದೆಯು, ಮನೆಯ ಕೆಡುಕು ಆಟಕ್ಕೆ ಹೋಗಿರಬಹುದೆಂಬುದನ್ನೂ ಒಮ್ಮೆ ಯೋಚಿಸಬೇಕು.

ಮೊತ್ತವಾದವು ಲೆಕ್ಕದ ದೃಷ್ಟಿಯಿಂದಲೇ ನಿಲ್ಲತಕ್ಕದ್ದಲ್ಲ. ಏಟಿನ ಪರಿಣಾಮವನ್ನು ಕಂಡುಹಿಡಿಯುವಾಗ ಆಟವು ಹೊಡೆಯುವವನ ಪ್ರಹಾರಾಂಕವನ್ನು ಹೊಡೆಸಿಕೊಳ್ಳುವವನ ರಕ್ಷಣಾಂಕದಿಂದ ಭಾಗಿಸುವುದು. ಹಾಗೆ ಬಂದ ಏಟನ್ನು ಪ್ರಾಣಬಲದಿಂದ ಕಳೆಯುವುದು. ಆದುದರಿಂದ ತಾಳಿಕೆಯೆಂಬುದು ಪ್ರಾಣಬಲ ಮತ್ತು ರಕ್ಷಣೆ ಇವುಗಳ ಗುಣಲಬ್ಧವನ್ನು ಹೋಲುವುದೇ ಹೊರತು ಸಂಕಲನವನ್ನಲ್ಲ. ಗುಣಿಸತಕ್ಕುದನ್ನು ಕೂಡಿಸಿ, ಭಾಗಿಸತಕ್ಕುದನ್ನೂ ಕೂಡಿಸಿ, ಬಂದ ಉತ್ತರವನ್ನು ಯೋಗ್ಯತೆಯೆಂದು ಸಾರುವುದು ಸೇರು ಮೊಳಗಳನ್ನು ಒಟ್ಟು ಮಾಡಿದಂತೆ. ಬ್ಲಿಸ್ಸಿ ಎಂಬ ಪ್ರಾಣಿಯ ಮೊತ್ತ 540. ಗ್ಯಾರಡೋಸ್ ಎಂಬುದರ ಮೊತ್ತವೂ 540. ಮೊದಲನೆಯದು ಹೊಟ್ಟೆಯ ಚೀಲದಲ್ಲಿ ಮೊಟ್ಟೆಯನ್ನಿಟ್ಟುಕೊಂಡಿರುವ ಗುಂಡಗಿನ ದಾದಿ. ಪ್ರಾಣಬಲ 255, ಪ್ರಹಾರ 10, ರಕ್ಷಣೆಯೂ 10. ಎರಡನೆಯದು ಬಾಯ್ದೆರೆದ ಘೋರ ಜಲಸರ್ಪ, ಪ್ರಹಾರ 125. ಒಂದು ಮಿಂಚಿನಂತಹ ವಿಶೇಷಪ್ರಹಾರಗಳನ್ನು ನುಂಗಿ ಕುಳಿತಿರುವುದು, ಮತ್ತೊಂದು ಮೈಮೇಲೆ ಬಿದ್ದು ಕಚ್ಚುವುದು. ಇವೆರಡೂ ಸಮಾನವೆಂದು ಹೇಳುವವನು ಆಸ್ಪತ್ರೆಯನ್ನೂ ಗರಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವನೆ?

ವೇಗದ ವಿಷಯವು ಇನ್ನೂ ಸ್ವಾರಸ್ಯವಾದುದು. ಮಿಕ್ಕ ಅಂಕಗಳು ಹೆಚ್ಚಿದಷ್ಟೂ ಸ್ವಲ್ಪ ಸ್ವಲ್ಪವಾಗಿ ಫಲಕೊಡುವುವು, ವೇಗವು ಹಾಗಲ್ಲ. ಒಂದಂಕ ಹೆಚ್ಚಿದ್ದರೂ ಮೊದಲನೆಯ ಏಟು ತನ್ನದು, ಒಂದಂಕ ಕಡಮೆಯಾದರೂ ಎರಡನೆಯದು. ಗಾರ್ಚಾಂಪ್ ಮತ್ತು ಸಾಲಮೆನ್ಸ್ ಎಂಬ ಎರಡು ಡ್ರ್ಯಾಗನ್‌ಗಳ ಮೊತ್ತವೂ 600. ಆದರೆ ಮೊದಲನೆಯದರ ವೇಗ 102, ಎರಡನೆಯದರದು 100. ಸಮಾನವಾಗಿ ಸಾಕಿದ ಇವೆರಡು ಎದುರುಬದರಾದರೆ ಸಾಲಮೆನ್ಸೇ ಮೊದಲು ಬೀಳುವುದು. ನೂರರ ಗೆರೆಯ ಮೇಲೆ ಸರಿಯಾಗಿ ನಿಂತಿರುವ ಇನ್ನನೇಕ ಪ್ರಾಣಿಗಳಿಗೂ ಅದೇ ಗತಿ. ಈ ಎರಡು ಅಂಕಗಳನ್ನು ಇಟ್ಟವರು ಯಾರೋ, ಅವರ ಕೈ ಹದವಾದುದು.

ಮೊತ್ತವಾದಿಗಳ ಬಾಯಿ ಮುಚ್ಚಿಸಲು ಸ್ಲೇಕಿಂಗ್ ಒಂದೇ ಸಾಕು. ಇದರ ಮೊತ್ತ 670. ಸಮುದ್ರವನ್ನೂ ನೆಲವನ್ನೂ ಆಳುವ ಮಹಾಪ್ರಾಣಿಗಳೆಂದು ಹೆಸರಾದ ಕ್ಯೋಗರ್, ಗ್ರೌಡಾನ್‌ಗಳಿಗೆ ಇರುವುದೂ ಅಷ್ಟೇ. ಆದರೆ ಇದು ಮಗ್ಗುಲಾಗಿ ಮಲಗಿ ತಲೆಗೆ ಕೈಕೊಟ್ಟಿರುವ ದೊಡ್ಡ ಸೋಮಾರಿ ವಾನರ. ಒಂದು ಸರದಿಯಲ್ಲಿ ಹೊಡೆದರೆ ಮುಂದಿನ ಸರದಿಯಲ್ಲಿ ಸುಮ್ಮನಿರುವುದು ಇದರ ಸ್ವಭಾವಧರ್ಮ. ರೆಜಿಗಿಗಾಸ್ ಎಂಬ ಬೃಹದ್ವಿಗ್ರಹಕ್ಕೂ 670. ಅದು ಎಚ್ಚತ್ತುಕೊಳ್ಳುವುದರೊಳಗೆ ಐದು ಸರದಿಗಳು ಕಳೆದುಹೋಗುವುವು, ಅಷ್ಟರವರೆಗೆ ಅದರ ಪ್ರಹಾರವೂ ವೇಗವೂ ಅರ್ಧ. ಸ್ಮೋಗಾನ್ ಎಂಬ ಆಟಗಾರರ ಕೂಟದವರು ಪ್ರಾಣಿಗಳನ್ನು ಶ್ರೇಣಿಗಳಾಗಿ ವಿಭಾಗಿಸುವಾಗ ಮೊತ್ತವನ್ನು ನೋಡುವುದಿಲ್ಲ. ಯಾವುದನ್ನು ಬಲ್ಲವರು ಎಷ್ಟುಸಲ ಕಣಕ್ಕಿಳಿಸಿದರೆಂಬುದನ್ನು ನೋಡುವರು. ಆ ಲೆಕ್ಕದಲ್ಲಿ ಸ್ಲೇಕಿಂಗ್ ಬಹುಕಾಲದಿಂದ ಕೆಳಗಿನ ಪಂಕ್ತಿಗಳಲ್ಲಿ ನಿದ್ರಿಸುತ್ತಿರುವುದು.

ಇನ್ನು ಕಡಮೆ ಮೊತ್ತದ ಪ್ರಾಣಿಯ ಮಾತು. 2014ನೆಯ ಇಸವಿ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಡೆದ ಜಾಗತಿಕ ಪಂದ್ಯದಲ್ಲಿ ದಕ್ಷಿಣ ಕೊರಿಯದ ಸೆಜುನ್ ಪಾರ್ಕ್ ಎಂಬಾತನು ಗೆದ್ದನು. ಅವನ ತಂಡದಲ್ಲಿ ಪಚಿರಿಸು ಎಂಬ ಬಿಳಿಯ ಅಳಿಲೊಂದಿದ್ದಿತು, ಮೊತ್ತ 405. ಪಂಡಿತರೆನಿಸಿಕೊಂಡವರಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಆದರೆ ಆ ಅಳಿಲು ಎದುರಾಳಿಗಳ ಏಟುಗಳನ್ನೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳುವ ಪ್ರಯೋಗವನ್ನು ಬಲ್ಲುದು. ಮಿಂಚನ್ನು ಕುಡಿದು ಪುಷ್ಟಿಗೊಳ್ಳುವುದು ಅದರ ಸ್ವಭಾವಧರ್ಮ. ಅದರ ಪಕ್ಕದಲ್ಲಿದ್ದುದು ಮಿಂಚಿಗೆ ಬಹಳವಾಗಿ ಅಂಜುವ ಗ್ಯಾರಡೋಸ್. ಜೊತೆಗಾರನಿಗಾಗಿ ಬಂದ ಮಿಂಚು ಅಳಿಲಿನ ಆಹಾರವಾಯಿತು. ಇದನ್ನು ಕಂಡ ಮೇಲೂ ಮೊತ್ತವನ್ನೇ ಹಿಡಿದು ಕುಳಿತಿರುವವರಿಗೆ ಹೇಳತಕ್ಕುದೇನೂ ಇಲ್ಲ.

ಎರಡನೆಯ ಪಕ್ಷದವರು ಪ್ರಾಚೀನವಾದಿಗಳು. ಇವರು ವಯಸ್ಸಿನಲ್ಲಿ ಮಕ್ಕಳಲ್ಲ. 1990ರ ದಶಕದಲ್ಲಿ ಮಕ್ಕಳಾಗಿದ್ದವರು. ಮೊದಲ 151ರ ರೂಪಗಳೇ ರೂಪಗಳು, ಆಮೇಲಿನವೆಲ್ಲ ಕಸ ಎಂಬುದು ಇವರ ಮತ. ‘ಕಸ’ವೆಂಬ ಮಾತನ್ನು ಇವರು ವಾಚ್ಯಾರ್ಥದಲ್ಲಿಯೇ ಹೇಳುವರು, ಏಕೆಂದರೆ 2010ರಲ್ಲಿ ಹೊರಟ ‘ಕಪ್ಪು’, ‘ಬಿಳುಪು’ ಆವೃತ್ತಿಗಳ 156 ಹೊಸ ಪ್ರಾಣಿಗಳಲ್ಲಿ ಟ್ರಬಿಶ್ ಎಂಬುದು ಕಸದ ಚೀಲವೇ ಆಗಿರುವುದು. ವ್ಯಾನಿಲೈಟ್ ಎಂಬುದು ಐಸ್‌ಕ್ರೀಮು, ಕ್ಲಿಂಕ್ ಎಂಬುದು ಹಲ್ಲುಚಕ್ರಗಳ ಜೋಡಿ. ಕುಶಲ ಚಿತ್ರಕಾರರಾದ ಕೆನ್ ಸುಗಿಮೋರಿಯವರ, ಪಿಕಾಚುವಿನ ಮೊದಲ ರೂಪವನ್ನು ಕೊಟ್ಟ ಅತ್ಸುಕೋ ನಿಶಿದಾ ಅವರ ಕಾಲದ ಸತ್ತ್ವವು ಬತ್ತಿಹೋಯಿತೆಂದು ಇವರು ನಿಟ್ಟುಸಿರುಬಿಡುವರು. ಪುರಾತನವಾದುದೆಲ್ಲ ಸಾಧುವೆನ್ನುವವರು ಎಲ್ಲ ಕಾಲದಲ್ಲಿಯೂ ಇದ್ದರು; ಆದರೆ ಇಪ್ಪತ್ತೈದು ಮೂವತ್ತು ವರ್ಷಗಳಿಗೇ ಪುರಾಣಕಾಲವನ್ನು ಕಟ್ಟಿಕೊಂಡವರು ಇವರೇ ಮೊದಲಿಗರಿರಬೇಕು.

ಇವರು ಮರೆತಿರುವುದೇನೆಂದರೆ, ಆ ಮೊದಲ 151ರೊಳಗೇ ಗ್ರೈಮರ್ ಎಂಬ ಕೊಚ್ಚೆಯ ಮುದ್ದೆಯಿರುವುದು, ಮ್ಯಾಗ್ನಮೈಟ್ ಎಂಬ ಅಯಸ್ಕಾಂತಗಳ ಗೋಲವಿರುವುದು, ವೋಲ್ಟಾರ್ಬ್ ಎಂಬ ಬರಿಯ ಚೆಂಡಿರುವುದು. ಮೂರು ಮ್ಯಾಗ್ನಮೈಟುಗಳನ್ನು ಅಂಟಿಸಿದರೆ ಮ್ಯಾಗ್ನಟಾನ್, ಮೂರು ಡಿಗ್ಲೆಟ್ಟುಗಳನ್ನು ಗುಂಪುಮಾಡಿದರೆ ಡಗ್‌ಟ್ರಿಯೊ. ಐಸ್‌ಕ್ರೀಮು ಕೊನೆಯ ರೂಪದಲ್ಲಿ ಎರಡು ತಲೆಯದಾದರೆ ಕಲ್ಪನಾದಾರಿದ್ರ್ಯ, ಹೆಗ್ಗಣವು ಮೂರು ತಲೆಯದಾದರೆ ಪ್ರತಿಭೆ! ಇದು ಮುದಿಯಳಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಒಪ್ಪಿಕೊಳ್ಳುವ ಅರ್ಧಜರತೀಯ ನ್ಯಾಯ. ಮೊದಲ ಚಿತ್ರಗಳು ಅಚ್ಚುಕಟ್ಟಾಗಿದ್ದುವೆಂಬುದು ನಿಜ. ಅದಕ್ಕೆ ಕಾರಣ ಅಂದಿನವರ ದೈವಿಕ ಪ್ರತಿಭೆಯೊಂದೇ ಅಲ್ಲ. ಗೇಮ್ ಬಾಯಿನ ತೆರೆಯು ಅಡ್ಡಕ್ಕೆ 160, ಉದ್ದಕ್ಕೆ 144 ಬಿಂದುಗಳದು, ಛಾಯೆಗಳು ನಾಲ್ಕೇ. ಒಂದು ಪ್ರಾಣಿಗೆ ದೊರೆಯುತ್ತಿದ್ದ ಎಡೆಯು ಹೆಚ್ಚೆಂದರೆ 56ಕ್ಕೆ 56 ಬಿಂದು. ಅಷ್ಟರೊಳಗೆ ಗುರುತು ಸಿಕ್ಕಬೇಕಾದರೆ ಹೊರರೇಖೆಯು ಸ್ಪಷ್ಟವಾಗಿಯೇ ಇರಬೇಕು. ಅಜಾಗಳಸ್ತನದಂತೆ ವ್ಯರ್ಥವಾಗಿ ಜೋತಾಡುವ ಅಲಂಕಾರಗಳಿಗೆ ಅಲ್ಲಿ ಸ್ಥಳವೆಲ್ಲಿ? ಬಡತನವು ಕಲಿಸಿದ ಮಿತವನ್ನು ಇವರು ಆ ಕಾಲದ ಮಹಿಮೆಯೆಂದು ಪೂಜಿಸುತ್ತಿರುವರು.

ಹಾಗೆಂದು ವೋಲ್ಟಾರ್ಬ್ ಕೆಟ್ಟ ರೂಪವೆಂದು ಅರ್ಥವಲ್ಲ. ಪ್ರಾಣಿಗಳನ್ನು ಹಿಡಿದಿಡುವ ಚೆಂಡಿನಂತೆಯೇ ಅದು ಇರುವುದು. ಮೊದಲ ಆಟದ ವಿದ್ಯುದಾಗಾರದಲ್ಲಿ ನೆಲದ ಮೇಲೆ ಬಿದ್ದಿರುವ ವಸ್ತುವೆಂದು ಹುಡುಗನು ಎತ್ತಿಕೊಳ್ಳಹೋದರೆ ಅದು ಎದುರು ನಿಂತು ಯುದ್ಧಕ್ಕೆ ಕರೆಯುವುದು. ಅದರ ಮುಂದಿನ ರೂಪವಾದ ಎಲೆಕ್ಟ್ರೋಡಿಗೆ ಮೊದಲ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚಾದ ವೇಗ, 140. ಉರುಳುವ ಗೋಲವನ್ನು ತಡೆಯುವುದೇನು? ಅದರ ಹೆಸರಾದ ವಿದ್ಯೆಯು ತಾನೇ ಸಿಡಿದು ಎದುರಾಳಿಯನ್ನು ಕೆಡಹುವುದು. ರೂಪ, ವೇಗ, ಪ್ರಯೋಗ ಮೂರೂ ಒಂದೇ ಮಾತನ್ನಾಡುತ್ತಿವೆ. ವ್ಯಾನಿಲೈಟಿನ ಮೇಲೆ ಹೊರಿಸಬಹುದಾದ ನಿಜವಾದ ದೋಷವು ಅದು ಹೊಸದೆಂಬುದಲ್ಲ, ಅದು ತಿನಿಸೆಂಬುದೂ ಅಲ್ಲ. ‘ನಾನು ಹಿಮದ ವರ್ಗ’ ಎಂಬುದಕ್ಕಿಂತ ಹೆಚ್ಚಾಗಿ ಅದರ ರೂಪವು ಏನನ್ನೂ ಹೇಳುವುದಿಲ್ಲವೆಂಬುದು. ಈ ಆಕ್ಷೇಪವನ್ನು ಪ್ರಾಚೀನವಾದಿಗಳು ಎತ್ತುವುದಿಲ್ಲ. ಎತ್ತಿದರೆ ತಮ್ಮ 151ರಲ್ಲಿಯೂ ಹಲವನ್ನು ಬಿಟ್ಟುಕೊಡಬೇಕಾಗುವುದು.

ಮೂರನೆಯ ಪಕ್ಷವೇ ಎಲ್ಲಕ್ಕಿಂತ ಬುದ್ಧಿವಂತರದು, ಆದುದರಿಂದಲೇ ಹೆಚ್ಚು ಅಪಾಯಕರವಾದುದು. ರೂಪವನ್ನು ಚಿತ್ರಕಾರನು ನೋಡಿಕೊಳ್ಳಲಿ, ಅಂಕವನ್ನು ಗಣಿತಜ್ಞನು ನೋಡಿಕೊಳ್ಳಲಿ; ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎನ್ನುವ ಭೇದವಾದಿಗಳಿವರು. ಇವರು ಪ್ರಾಣಿಗೆ ರೂಪಕ್ಕಾಗಿ ಹತ್ತಕ್ಕೆ ಇಷ್ಟು, ಬಲಕ್ಕಾಗಿ ಹತ್ತಕ್ಕೆ ಇಷ್ಟು ಎಂದು ಎರಡು ಕಂಬಗಳಲ್ಲಿ ಅಂಕಕೊಟ್ಟು ನ್ಯಾಯವಾಗಿ ನಡೆದುಕೊಂಡೆವೆಂದು ತೃಪ್ತಿಪಡುವರು. ಕಾವ್ಯದಲ್ಲಿ ಶಬ್ದಕ್ಕೆ ಐದು, ಅರ್ಥಕ್ಕೆ ಐದು ಎಂದು ಕೊಟ್ಟಂತಾಯಿತು! 11ನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಬಿಡಿಬಿಡಿಯಾಗಿ ಅಂದವಾಗಿರುವುದಲ್ಲ, ಒಂದು ಇನ್ನೊಂದಕ್ಕೆ ತಕ್ಕುದಾಗಿರುವುದೇ ಅಂದ. ಈ ಪ್ರಾಣಿಗಳ ವಿಚಾರದಲ್ಲಿಯೂ ಅಳತೆಗೋಲು ಅದೊಂದೇ ಎಂಬುದು ಈ ಲೇಖನದ ಪ್ರತಿಜ್ಞೆ. ಅಂಕವು ರೂಪದ ಅರ್ಥ. ರೂಪವು ಅಂಕದ ಮುಖ. ಸ್ಲೇಕಿಂಗಿನ 670 ಅನ್ನೂ ಅದರ ಆಲಸ್ಯವನ್ನೂ ತೆಗೆದು ಚುರುಕಾದ ಬೇಟೆನಾಯಿಯೊಂದಕ್ಕೆ ಕೊಟ್ಟು ನೋಡಲಿ. ಲೆಕ್ಕವು ಅದೇ ಇರುವುದು, ಪ್ರಾಣಿ ಮಾತ್ರ ಸತ್ತುಹೋಗಿರುವುದು.

ಭೇದವಾದವು ಕೇವಲ ಬಾಯಿಮಾತಲ್ಲ; ಆಟವನ್ನು ರಚಿಸಿದವರೇ ಹತ್ತು ವರ್ಷಗಳ ಕಾಲ ಅದಕ್ಕೆ ಬಲಿಯಾಗಿದ್ದರು. ಮೊದಲ ಆಟದಲ್ಲಿ ಹಿಟ್‌ಮಾನ್‌ಚಾನ್ ಎಂಬ ಮುಷ್ಟಿಮಲ್ಲನಿರುವನು. ಜಪಾನಿನಲ್ಲಿ ಅವನಿಗೆ ಎಬಿಹಾರಾ ಎಂಬ ಪ್ರಸಿದ್ಧ ಮುಷ್ಟಿಯುದ್ಧವೀರನ ಹೆಸರಿನಿಂದ ಹೆಸರನ್ನು ಕಟ್ಟಿರುವರು. ಕೈಗಳಿಗೆ ಕೆಂಪು ಗವಸು, ನಿಂತ ನಿಲವೇ ಗರಡಿಯದು. ಪ್ರಹಾರ 105, ವಿಶೇಷವಾದರೋ 35. ಅವನ ಕೈಗೆ ರಚನಕಾರರು ಬೆಂಕಿಯ ಗುದ್ದು, ಮಂಜಿನ ಗುದ್ದು, ಮಿಂಚಿನ ಗುದ್ದು ಎಂಬ ಮೂರು ಪ್ರಯೋಗಗಳನ್ನು ಕೊಟ್ಟರು. ಎಷ್ಟು ಒಪ್ಪುವ ಆಯುಧಗಳು! ಆದರೆ ಅಂದಿನ ನಿಯಮದಂತೆ ಒಂದು ಪ್ರಯೋಗವು ಪ್ರಹಾರವೋ ವಿಶೇಷಪ್ರಹಾರವೋ ಎಂಬುದನ್ನು ನಿರ್ಣಯಿಸುತ್ತಿದ್ದುದು ಅದರ ವರ್ಗ. ಬೆಂಕಿ, ಮಂಜು, ಮಿಂಚು ಈ ವರ್ಗಗಳೆಲ್ಲ ವಿಶೇಷಕ್ಕೆ ಸೇರಿದುವು. ಹೀಗಾಗಿ ಈ ಮಲ್ಲನು ಮುಷ್ಟಿಯೆತ್ತಿ ಗುದ್ದಿದರೂ ಲೆಕ್ಕಕ್ಕೆ ಬರುತ್ತಿದ್ದುದು ಅವನ ತೋಳಿನ 105 ಅಲ್ಲ, ಇಲ್ಲದ ಮಂತ್ರಶಕ್ತಿಯ 35! ಕಣ್ಣು ಒಂದನ್ನು ಕಾಣುತ್ತಿದ್ದಿತು, ಗಣಿತವು ಇನ್ನೊಂದನ್ನು ಮಾಡುತ್ತಿದ್ದಿತು. 1999ರಲ್ಲಿ ಬಂದ ಸ್ನೀಸಲ್ ಎಂಬ ಕೂರುಗುರಿನ ಪ್ರಾಣಿಯ ಪಾಡು ಇನ್ನೂ ಕಷ್ಟ. ಅದರದು ಕತ್ತಲೆ ಮತ್ತು ಮಂಜಿನ ವರ್ಗಗಳು, ಎರಡೂ ವಿಶೇಷವೇ. ಉಗುರಿನ ಬಲ 95 ಇದ್ದರೂ ತನ್ನ ಸ್ವಂತ ವರ್ಗದ ಪ್ರಯೋಗಗಳಲ್ಲಿ ಅದು 35ರಿಂದಲೇ ಹೋರಾಡಬೇಕಾಗಿದ್ದಿತು. ಹುಟ್ಟಿದ ಮನೆಯ ಆಸ್ತಿಯು ಅದರ ಕೈಗೆ ಒದಗಲಿಲ್ಲ.

2006ರಲ್ಲಿ ಹೊರಟ ‘ಡೈಮಂಡ್’, ‘ಪರ್ಲ್’ ಆವೃತ್ತಿಗಳಲ್ಲಿ ಈ ನಿಯಮವನ್ನು ಬದಲಾಯಿಸಿದರು. ಅಲ್ಲಿಂದೀಚೆಗೆ ಪ್ರಯೋಗದ ವರ್ಗವಲ್ಲ, ಪ್ರಯೋಗದ ಸ್ವರೂಪವೇ ನಿರ್ಣಾಯಕ. ಕೈಯಿಂದ ಹೊಡೆದರೆ ಪ್ರಹಾರ, ಬಾಯಿಂದ ಜ್ವಾಲೆಯುಗುಳಿದರೆ ವಿಶೇಷಪ್ರಹಾರ. ಮಲ್ಲನ ಅಂಕಗಳಲ್ಲಿ ಒಂದನ್ನೂ ತಿದ್ದಲಿಲ್ಲ, ಚಿತ್ರವನ್ನೂ ತಿದ್ದಲಿಲ್ಲ. ಎರಡರ ನಡುವಣ ಸಂಬಂಧವನ್ನು ಮಾತ್ರ ನೆಟ್ಟಗೆಮಾಡಿದರು. ಅವನು ಹೊಸ ಜೀವವನ್ನು ಪಡೆದನು. ರೂಪಕ್ಕೂ ಅಂಕಕ್ಕೂ ಸಂಬಂಧವಿಲ್ಲವೆಂಬವರು, ಹಾಗಾದರೆ 2006ರಲ್ಲಿ ಸರಿಹೋದುದು ಯಾವುದೆಂಬುದನ್ನು ಹೇಳಲಿ.

ಔಚಿತ್ಯವು ಪೂರ್ಣವಾಗಿ ಸಿದ್ಧಿಸಿರುವ ಕಡೆಗಳನ್ನು ನೋಡಿದರೆ ಮನಸ್ಸು ಅರಳುವುದು. ಸೂಡೊವೂಡೊ ನೋಡುವುದಕ್ಕೆ ಮರ, ವಸ್ತುತಃ ಕಲ್ಲು. ದಾರಿಗಡ್ಡವಾಗಿ ನಿಂತ ಈ ಮರಕ್ಕೆ ನೀರು ಚಿಮುಕಿಸಿದರೆ ಮರವು ತಣಿಯಬೇಕಷ್ಟೆ. ಇದು ಹೌಹಾರಿ ಅಲುಗಾಡುವುದು, ಏಕೆಂದರೆ ಕಲ್ಲಿನ ವರ್ಗಕ್ಕೆ ನೀರು ವೈರಿ. ‘ಇದು ಮರವಲ್ಲ, ಕಲ್ಲು’ ಎಂಬ ಅಪಹ್ನುತಿಯನ್ನು ಅಲಂಕಾರಿಕರು ಒಂದು ಪದ್ಯದಲ್ಲಿ ಹೇಳುವರು. ಇಲ್ಲಿ ಒಂದು ಹೂಜಿ ನೀರಿನಲ್ಲಿ ಹೇಳಿರುವರು. ಶಕಲ್ ಎಂಬುದು ಚಿಪ್ಪಿನೊಳಗೆ ಹಣ್ಣುಗಳನ್ನು ಕೂಡಿಟ್ಟು ರಸಮಾಡಿಕೊಂಡಿರುವ ಜಂತು: ರಕ್ಷಣೆ 230, ವಿಶೇಷರಕ್ಷಣೆ 230, ಪ್ರಹಾರ 10, ವೇಗ 5. ಚಿಪ್ಪನ್ನು ಬಿಟ್ಟು ಹೊರಗೆ ಬಾರದವನಿಗೆ ಇನ್ನೆಂತಹ ಅಂಕಗಳು ಒಪ್ಪಬೇಕು?

2002ರ ಶೆಡಿಂಜಕ್ಕಿಂತ ಮೇಲಾದ ಕಲ್ಪನೆಯನ್ನು ಈ ಆಟದಲ್ಲಿ ತೋರಿಸುವುದು ಕಷ್ಟ. ನಿನ್ಕಾಡ ಎಂಬ ನೆಲದ ಹುಳುವು ಬೆಳೆದು ನಿಂಜಾಸ್ಕ್ ಎಂಬ ರೆಕ್ಕೆಯ ಕೀಟವಾಗುವುದು, ವೇಗ 160. ಮರದ ಮೇಲೆ ಜೀರುಂಡೆಯು ಪೊರೆಯನ್ನು ಬಿಟ್ಟು ಹಾರಿಹೋಗುವುದನ್ನು ಕಂಡವರಿಗೆ ಇದರಲ್ಲಿ ವಿಶೇಷವೇನೂ ತೋರದು. ಆದರೆ ತಂಡದಲ್ಲಿ ಒಂದು ಸ್ಥಳ ಖಾಲಿಯಿದ್ದರೆ, ಬಿಟ್ಟುಹೋದ ಆ ಪೊರೆಯೇ ಇನ್ನೊಂದು ಪ್ರಾಣಿಯಾಗಿ ಬಂದು ಕುಳಿತಿರುವುದು! ಒಳಗೆ ಏನೂ ಇಲ್ಲ. ಬೆನ್ನಿನ ಮೇಲೆ ಬಿರುಕು. ವರ್ಗವು ಕೀಟ ಮತ್ತು ಭೂತ. ಪ್ರಾಣಬಲ 1. ಎಷ್ಟು ಸಾಕಿದರೂ ಒಂದೇ. ಒಳಗೆ ಪ್ರಾಣವಿಲ್ಲದುದಕ್ಕೆ ಪ್ರಾಣಬಲವೆಲ್ಲಿಂದ ಬರಬೇಕು? ಹಾಗಾದರೆ ಮುಟ್ಟಿದರೆ ಮುಗಿಯಿತೆ? ಅದೂ ಇಲ್ಲ. ತನಗೆ ವೈರಿಯಾದ ಬೆಂಕಿ, ಕಲ್ಲು, ರೆಕ್ಕೆ, ಭೂತ, ಕತ್ತಲೆ ಎಂಬ ಐದು ವರ್ಗಗಳ ಏಟಲ್ಲದೆ ಬೇರೆ ಯಾವ ನೇರ ಏಟೂ ಅದಕ್ಕೆ ತಾಗುವುದಿಲ್ಲ. ಟೊಳ್ಳಿನೊಳಗಿಂದ ಹಾದುಹೋದಂತೆ ಹೋಗುವುದು. ವಿಷವೋ ಮರಳುಗಾಳಿಯೋ ಆದರೆ ಬಿದ್ದುಬಿಡುವುದು. ಅತ್ಯಂತ ದುರ್ಬಲವಾದುದೇ ಅಭೇದ್ಯವಾದುದು: ಇದು ವಿರೋಧಾಭಾಸ. ಮೊತ್ತವಾದಿಯ ಪಟ್ಟಿಯಲ್ಲಿ ಇದಕ್ಕೆ 236 ಎಂದು ಬರೆದಿರುವುದು. ಬರೆದುಕೊಳ್ಳಲಿ.

2016ರ ವಿಶಿವಾಶಿಯೂ ಇದೇ ಜಾತಿಯ ಕುಶಲ. ಒಂಟಿಯಾಗಿ ಅದು ಕಣ್ಣೀರು ತುಂಬಿದ ಸಣ್ಣ ಮೀನು, ಮೊತ್ತ 175. ಇಪ್ಪತ್ತನೆಯ ಮಟ್ಟವನ್ನು ಮುಟ್ಟಿದ ಮೇಲೆ ಯುದ್ಧದಲ್ಲಿ ತನ್ನ ಬಳಗವನ್ನೆಲ್ಲ ಕರೆದು ಒಂದು ದೊಡ್ಡ ಮೀನಿನಾಕಾರವನ್ನು ತಾಳುವುದು, ಆಗ 620. ಪ್ರಾಣಬಲವು ಕಾಲುಭಾಗಕ್ಕಿಳಿದರೆ ಬಳಗ ಚೆದರಿ ಮತ್ತೆ ಒಂಟಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಗುಂಪಾದಾಗ ಪ್ರಹಾರವು 20ರಿಂದ 140ಕ್ಕೆ ಏರುವುದು, ಆದರೆ ವೇಗವು 40ರಿಂದ 30ಕ್ಕೆ ಇಳಿಯುವುದು. ದೊಡ್ಡ ಕುಟುಂಬವನ್ನು ಯಾತ್ರೆಗೆ ಹೊರಡಿಸಿದವರಿಗೆ ಈ ಹತ್ತು ಅಂಕಗಳ ಯಥಾರ್ಥತೆಯನ್ನು ವಿವರಿಸಬೇಕಾದುದಿಲ್ಲ.

ಮ್ಯಾಜಿಕಾರ್ಪಿನ ಕಥೆಯನ್ನು ಬಲ್ಲವರು ಬಹಳ ಮಂದಿ. ಮೊದಲ ಆಟದಲ್ಲಿ ಒಬ್ಬ ವರ್ತಕನು 500 ನಾಣ್ಯಕ್ಕೆ ಈ ನಿಷ್ಪ್ರಯೋಜಕ ಮೀನನ್ನು ಹುಡುಗನ ಕೊರಳಿಗೆ ಕಟ್ಟುವನು. ಮೊತ್ತ 200, ಪ್ರಹಾರ 10. ಎಗರಿ ಬೀಳುವುದರ ಹೊರತು ಏನೂ ಬಾರದು. ತಾಳ್ಮೆಯಿಂದ ಇಪ್ಪತ್ತನೆಯ ಮಟ್ಟದವರೆಗೆ ಸಾಕಿದವನಿಗೆ ಅದೇ ಗ್ಯಾರಡೋಸ್ ಆಗುವುದು. ಡ್ರ್ಯಾಗನ್ ದ್ವಾರವೆಂಬ ಜಲಪಾತವನ್ನು ಏರಿದ ಮೀನು ಡ್ರ್ಯಾಗನ್ ಆಗುವುದೆಂಬ ಚೀನದ ಐತಿಹ್ಯವೇ ಇದಕ್ಕೆ ಬೀಜ. ರೂಪವೆಲ್ಲ ಬದಲಾಯಿಸಿದರೂ ವೇಗ ಮಾತ್ರ 80ರಿಂದ 81. ಎಗರುವ ಮೀನಿನ ಚಾಂಚಲ್ಯವೇ ಸರ್ಪದ ಮೈಯಲ್ಲಿ ಉಳಿದಿರುವುದು.

ಎಲ್ಲವೂ ಹೀಗೆ ಇರುವುದೆಂದು ಹೊಗಳುಭಟರಂತೆ ಹೇಳಬೇಕಾಗಿಲ್ಲ. ಲವ್‌ಡಿಸ್ಕ್ ಎಂಬುದು ಇಸ್ಪೀಟಿನ ಹಾರ್ಟಿನೆಲೆಗೆ ಕಣ್ಣು ಬಿಡಿಸಿದಂತಿರುವ ಮೀನು. 330ರ ಮೊತ್ತದಲ್ಲಿ 97 ವೇಗಕ್ಕೇ ಹೋಗಿರುವುದು. ಹೃದಯಾಕಾರಕ್ಕೂ ಓಟಕ್ಕೂ ಏನು ಸಂಬಂಧ? ರೂಪವೂ ಬಡವು, ಅಂಕವೂ ಬಡವು, ಅವುಗಳ ನಂಟಂತೂ ಇಲ್ಲವೇ ಇಲ್ಲ. ಇಂತಹವನ್ನು ಇನ್ನೂ ಹತ್ತಾರು ಎಣಿಸಬಹುದು.

ರಚನಕಾರರು ಕೆಲವು ವರ್ಷಗಳಿಂದ ಹಳೆಯ ಪ್ರಾಣಿಗಳ ಅಂಕಗಳನ್ನು ಅಲ್ಲಲ್ಲಿ ಏರಿಸುತ್ತಿರುವರು. 2013ರಲ್ಲಿ ಪಿಕಾಚುವಿನ ರಕ್ಷಣೆ 30ರಿಂದ 40 ಆಯಿತು. 2016ರಲ್ಲಿ ಡಗ್‌ಟ್ರಿಯೊವಿನ ಪ್ರಹಾರ 80ರಿಂದ 100 ಆಯಿತು. ಇವಕ್ಕೆ ಯಾರ ಆಕ್ಷೇಪವೂ ಬೇಡ. ಆದರೆ ಅದೇ 2016ರಲ್ಲಿ ಫಾರ್‌ಫೆಚ್ಡ್ ಎಂಬ ಬಾತುಕೋಳಿಯ ಪ್ರಹಾರವನ್ನು 65ರಿಂದ 90ಕ್ಕೆ ಏರಿಸಿದುದನ್ನು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. ರೆಕ್ಕೆಯಲ್ಲಿ ಈರುಳ್ಳಿಯ ದಂಟನ್ನು ಹಿಡಿದುಕೊಂಡು ಓಡಾಡುವ ಬಾತು ಇದು. ಬಾತನ್ನು ಹಿಡಿದು ಅಡಿಗೆ ಮಾಡಬೇಕೆಂದಿರುವಾಗ ಅದೇ ದಂಟನ್ನೂ ಹೊತ್ತುಕೊಂಡು ಬಂದಂತೆ ಎಂದು, ಅನಾಯಾಸವಾಗಿ ವಂಚನೆಗೆ ಸಿಕ್ಕಿಬೀಳುವವರನ್ನು ಕುರಿತು ಜಪಾನಿನಲ್ಲಿ ಒಂದು ಗಾದೆಯುಂಟು. ಗಾದೆಯೇ ಮೈತಾಳಿ ಬಂದ ಪ್ರಾಣಿಗೆ ಆರು ಅಂಕಗಳ ಲೆಕ್ಕದಲ್ಲಿ 352 ಇದ್ದುದು ಯುಕ್ತವೇ ಆಗಿದ್ದಿತು. ಅದರ ದೌರ್ಬಲ್ಯವೇ ಅದರ ಅರ್ಥ. ಮೊತ್ತವಾದಿಗಳ ಗೊಣಗಾಟಕ್ಕೆ ಮಣಿದೋ ಏನೋ, ಚಿತ್ರದಲ್ಲಿ ಒಂದು ಗೆರೆಯನ್ನೂ ಬದಲಾಯಿಸದೆ 25 ಅಂಕಗಳನ್ನು ಅದರ ತಲೆಯ ಮೇಲೆ ಸುರಿದರು. ಗಾದೆಯು ಕೆಟ್ಟಿತು, ಬಾತು ಗೆಲ್ಲಲೂ ಇಲ್ಲ.

ಮೂರು ವರ್ಷಗಳ ಮೇಲೆ, 2019ರಲ್ಲಿ, ಬ್ರಿಟನ್ನಿನ ಮಾದರಿಯ ಗ್ಯಾಲರ್ ಎಂಬ ನಾಡಿನ ಆಟದಲ್ಲಿ ಅದೇ ರಚನಕಾರರು ಸರಿಯಾದ ದಾರಿಯನ್ನು ಹಿಡಿದರು. ಅಲ್ಲಿನ ಫಾರ್‌ಫೆಚ್ಡಿನ ದಂಟು ಮೊದಲೇ ದಪ್ಪ, ಉದ್ದ, ಎತ್ತಲು ಕಷ್ಟವಾದುದು. ಒಂದೇ ಯುದ್ಧದಲ್ಲಿ ಮೂರು ಸಲ ಮರ್ಮಘಾತವನ್ನು ಮಾಡಿದರೆ ಅದು ಸರ್‌ಫೆಚ್ಡ್ ಎಂಬ ಬಿಳಿಯ ಯೋಧನಾಗುವುದು. ಪ್ರಹಾರ 135, ಮೊತ್ತ 507. ಅಡಿಗೆಯ ದಂಟೇ ಈಟಿ, ಅದರ ಎಲೆಯೇ ಗುರಾಣಿ.